ಪೈಲಾ ನಂಬರಿನ ಬಿಲ್ಲೆ

ನಮ್ಮ ಮನೆಗೆ ಬಂದವರಿಗೆ ನನ್ನ ಹೆಂಡತಿ ಮೌನೇಶ್ವರಿ ಮೊದಲು ನೀರು ಕೊಡುತ್ತಾಳೆ. ನಾನು ಅದಕ್ಕೂ ಮೊದಲು ಶೋಕೇಸಿನ ಲೈಟು ಹಾಕುತ್ತೇನೆ. ಮಟಮಟ ಮಧ್ಯಾಹ್ನವಾಗಿರಲಿ, ಸಿಂಧನೂರಿನ ಬಿಸಿಲು ಹೊಸ್ತಿಲು ದಾಟಿ ಸೋಫಾದ ತನಕ ಬಂದಿರಲಿ, ಲೈಟು ಹಾಕಲೇಬೇಕು. ಬಂದವರು ಚೆಂಬೆತ್ತಿ ನೀರು ಕುಡಿಯುವಾಗ ಎದುರಿಗೆ ಗಾಜಿನ ಹಿಂದೆ ಏಳು ಬಿಲ್ಲೆ ಕಾಣಬೇಕು. ಬಿಲ್ಲೆ ಅಂದರೆ ಮಿರಿಮಿರಿ ಮಿಂಚುವ ರಿಬ್ಬನ್ನನ್ನು ನೆರಿಗೆ ಹಿಡಿದು ಹೂವಿನಂತೆ ಸುತ್ತಿ, ನಡುವೆ ದುಂಡು ರಟ್ಟು ಅಂಟಿಸಿ, ಕೆಳಗೆ ಎರಡು ಬಾಲ ಬಿಟ್ಟಿದ್ದು. ಕುದುರೆ ಪ್ರದರ್ಶನದಲ್ಲಿ ನಂಬರ್ ಬಂದ ಕುದುರೆಗೆ ಕಟ್ಟುತ್ತಾರೆ.

ಇದು ಜನಕ್ಕೆ ಗೊತ್ತಿರಬೇಕಲ್ಲ. ಸಿಲಿಂಡರ್ ಹೊತ್ತು ತಂದವನು ಒಮ್ಮೆ, "ಯಾವ ಇಲೆಕ್ಷನ್ನಿಗೆ ನಿಂತಿದ್ರೀ?" ಎಂದು ಕೇಳಿದ. ಬೀಗರ ಪೈಕಿ ಒಬ್ಬ ಹೆಣ್ಣುಮಗಳು ಏಳನ್ನೂ ಎಣಿಸಿ, "ಏಳು ಮದುವ್ಯಾಗ ಸ್ವಾಗತ ಸಮಿತಿಯಾಗ ಇದ್ದೀರಿ ಅಂದ್ರ ದೊಡ್ಡ ಮಾತು ಬಿಡ್ರಿ" ಎಂದಳು. ಇಂಥವರನ್ನು ಕೂಡಿಸಿಕೊಂಡು ನಾನು ಒಂದೊಂದು ಬಿಲ್ಲೆಯ ಹಕೀಕತ್ತನ್ನೂ ಹೇಳುತ್ತೇನೆ. ಮೂರನೆಯ ಬಿಲ್ಲೆಗೆ ಬರುವಷ್ಟರಲ್ಲಿ ಒಳಗೆ ಮೌನೇಶ್ವರಿ ಪಾತ್ರೆಗಳನ್ನು ಬೇಕಂತಲೇ ಕುಕ್ಕತೊಡಗುತ್ತಾಳೆ.

ಒಂದು ಮಾತು ಮಾತ್ರ ನಾನಾಗಿಯೇ ಹೇಳುವುದಿಲ್ಲ. ಆ ಏಳರಲ್ಲಿ ಎರಡು ಎರಡನೆಯ ಸ್ಥಾನದವು, ಮೂರು ಮೂರನೆಯವು. ಉಳಿದ ಎರಡು ಸಮಾಧಾನಕರ ಬಹುಮಾನ. ಆ ಎರಡನ್ನು ತೀರಾ ಮೇಲೆ ನೇತುಹಾಕಿದ್ದೇನೆ, ಅಷ್ಟು ಎತ್ತರದ ಅಕ್ಷರ ಓದುವ ಕಣ್ಣು ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ. ನಟ್ಟನಡುವೆ ಒಂದು ಹಿತ್ತಾಳೆ ಮೊಳೆ ಖಾಲಿ ಇದೆ. ಅದು ಪೈಲಾ ನಂಬರಿಗೆ, ಅಂದರೆ ಮೊದಲ ಸ್ಥಾನದ ಬಿಲ್ಲೆಗೆ. "ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ" ಎಂದು ಮೌನೇಶ್ವರಿ ಆ ಮೊಳೆ ಹೊಡೆದ ದಿನವೇ ಅಂದಿದ್ದಳು.

ಕುದುರೆಯ ಹೆಸರು ಕೆಂಚಿ. ನಮ್ಮಪ್ಪ ಟಾಂಗಾ ಹೊಡೆಯುತ್ತಿದ್ದ. ಟಾಂಗಾ ಹೋಗಿ ಆಟೋ ಬಂದವು, ನಾನು ಹಿಟ್ಟಿನ ಗಿರಣಿ ಹಾಕಿದೆ. ಆದರೂ ಅಪ್ಪನ ಕುದುರೆಯ ಮೊಮ್ಮಗಳನ್ನು ಶೋಕಿಗಾಗಿ ಉಳಿಸಿಕೊಂಡೆ. ಕೆಂಚಿಯ ಮೇಲೆ ನನಗೆ ಜೀವವಿತ್ತು, ಇದರಲ್ಲಿ ಸುಳ್ಳಿಲ್ಲ. ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವ ಮುಂಚೆ ಅದರ ಕುತ್ತಿಗೆಗೆ ಕೈಹಾಕಿ ನಿಲ್ಲದಿದ್ದರೆ ದಿನವೆಲ್ಲ ಏನೋ ಮರೆತಂತಾಗುತ್ತಿತ್ತು. ಕಡಲೆ, ಬೆಲ್ಲ, ಹಾಲು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕಡಿಮೆ ಮಾಡಬೇಕಿತ್ತು. ಲಿಂಗಸುಗೂರಿನ ಪ್ರದರ್ಶನದಲ್ಲಿ ನಂಬರ್ ಕೊಡುವ ಡಾಕ್ಟರು ಅದರ ಸುತ್ತ ಒಂದು ಸುತ್ತು ಹಾಕಿ, "ಇದನ್ನ ಎಮ್ಮಿ ಸಾಲಿನ್ಯಾಗ ನಿಲ್ಲಸಬೇಕಿತ್ತಲ್ರೀ" ಎಂದರು. ಆದರೂ ಮೂರನೆಯ ಸ್ಥಾನದ ಬಿಲ್ಲೆ ಕೊಟ್ಟರು, ಏಕೆಂದರೆ ಅಂದು ಬಂದಿದ್ದೇ ಮೂರು ಕುದುರೆ.

ಅದು ನನ್ನ ಮೊದಲ ಬಿಲ್ಲೆ. ಕುದುರೆಗೆ ಕಟ್ಟಬೇಕೆನ್ನುವುದು ನನಗೇ ಗೊತ್ತಿರಲಿಲ್ಲ. ನನ್ನ ಎದೆಗೆ ಚುಚ್ಚಿಕೊಂಡೆ. ಕೆಂಚಿಯನ್ನು ಟೆಂಪೋದಲ್ಲಿ ಕಳಿಸಿ, ನಾನು ಬಸ್ಸಿನಲ್ಲಿ ಹೊರಟು, ದಾರಿಯಲ್ಲಿ ಸಂತೆಕಲ್ಲೂರಿನಲ್ಲಿ ಇಳಿದು ನೆಂಟರ ಮದುವೆಗೆ ಹೋದೆ. ಬಿಲ್ಲೆ ಕಂಡವರೇ ನನ್ನ ಕೈಹಿಡಿದು ಸ್ಟೇಜಿನ ಮೇಲೆ ಕೂಡಿಸಿದರು. ಶಾಲು ಹೊದಿಸಿದರು. ಎರಡು ಮಾತು ಆಡಿರಿ ಎಂದು ಮೈಕು ಕೊಟ್ಟರು. ನಾನು ಆಡಿದೆ. ಆ ಶಾಲೂ ಈಗ ಶೋಕೇಸಿನಲ್ಲಿದೆ.

ಶೋಕೇಸು ಯಾಕೆ ಬಂತು ಎಂದರೆ, ಬಿಲ್ಲೆಗಳು ಗೋಡೆಯ ಮೊಳೆಗೆ ತೂಗಾಡುತ್ತಾ ಗಿರಣಿಯ ಹಿಟ್ಟು ಕುಡಿದು ಎಲ್ಲವೂ ಒಂದೇ ಬಣ್ಣವಾಗಿದ್ದವು. ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಒಳಗೆ ಬೆವರಿದವು. ಬಡಿಗನನ್ನು ಕರೆಸಿದೆ. ಅವನು ಟೇಪು ಹಿಡಿದು ಮನೆಯೆಲ್ಲ ಅಳೆದು, ಇಷ್ಟು ಅಗಲದ ಗೋಡೆ ಈ ಮನೆಯಲ್ಲಿ ಇಲ್ಲ, ಬೇಕಾದರೆ ಮಗ್ಗುಲಿನ ತಗಡಿನ ಶೆಡ್ ತೆಗೆದು ಹಾಲ್ ಮುಂದಕ್ಕೆ ಎಳೆಯಬಹುದು ಎಂದ. ಆ ಶೆಡ್ಡಿನಲ್ಲಿ ಕೆಂಚಿ ಇತ್ತು.

ಒಂದು ನಿಮಿಷವೂ ಯೋಚಿಸಲಿಲ್ಲ ಎಂದು ಹೇಳಿದರೆ ನಂಬುವುದಿಲ್ಲ ನೀವು. ನಾಲ್ಕು ತಿಂಗಳ ಮಟ್ಟಿಗೆ ಎಂದು ಹೇಳಿ ಕೆಂಚಿಯನ್ನು ಗುರುಗುಂಟಾದ ಹುಲಿಗೇಶನ ಮನೆಯಲ್ಲಿ ಬಿಟ್ಟು ಬಂದೆ. ಹುಲಿಗೇಶ ಕುರಿ ಕಾಯುವವನು, ನಮ್ಮ ಗಿರಣಿಗೆ ಹಳೆಯ ಪರಿಚಯ. ಶೆಡ್ ಬಿತ್ತು, ಹಾಲ್ ಎದ್ದಿತು, ಶೋಕೇಸ್ ಬಂತು, ಒಳಗೆ ಲೈಟು ಬಂತು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ನಿಂತು ನೋಡುತ್ತೇನೆ, ಕುದುರೆ ಕಟ್ಟುವುದಕ್ಕೆ ಜಾಗವೇ ಇಲ್ಲ. ಕುದುರೆಯ ಬಿಲ್ಲೆ ಇಡಲು ಕುದುರೆಯ ಮನೆ ಕೆಡವಿದ ಶಾಣ್ಯಾ ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನಾಲ್ಕು ತಿಂಗಳು ಎರಡು ವರ್ಷವಾಯಿತು. ಹುಲಿಗೇಶ ಆಗಾಗ ಫೋನ್ ಮಾಡಿ, "ಯಾವಾಗ ಒಯ್ತೀರ್ರೀ ಸಾವ್ಕಾರ್ರ?" ಎಂದು ಕೇಳುತ್ತಿದ್ದ. "ಮನಿ ಕೆಲಸ ಇನ್ನಾ ಮುಗ್ದಿಲ್ಲಪಾ" ಎನ್ನುತ್ತಿದ್ದೆ. ಶೋಕೇಸ್ ನೋಡಿದವರು ಕುದುರೆ ಎಲ್ಲಿದೆ ಎಂದರೆ "ಮೇಯಾಕ ಹೋಗೈತಿ" ಎನ್ನುತ್ತಿದ್ದೆ. ನಾಚಿಕೆಗೆ ಗುರುಗುಂಟಾದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಹೋದ ತಿಂಗಳು ಅಮೀನ್‌ಸಾಬ್ ಗಿರಣಿಗೆ ಬಂದ. ಊರೂರು ತಿರುಗಿ ಕುದುರೆ, ಎತ್ತುಗಳ ಗೊರಸಿಗೆ ನಾಲು ಬಡಿಯುವವನು. ಜೋಳದ ಚೀಲ ಇಳಿಸಿ, "ಗ್ಯಾನಪ್ಪಣ್ಣಾರ, ಮುಬಾರಕ್ ಆಗ್ಲಿ. ಮಸ್ಕಿ ಪ್ರದರ್ಶನದಾಗ ನಿಮ್ಮ ಕೆಂಚಿ ಪೈಲಾ ನಂಬರ್ ಬಂದೈತಿ" ಎಂದ.

ನಾನು ಗಿರಣಿ ಬಂದ್ ಮಾಡಿದೆ. "ಬಿಲ್ಲೆ ಯಾರ ತಾವ ಐತಿ?"

ಅಮೀನ್‌ಸಾಬ್ ಚೀಲದ ಬಾಯಿ ಬಿಚ್ಚುತ್ತಾ, "ಕುದುರಿ ಚೆಂದ ಐತೇನು ಅಂತ ಕೇಳ್ತೀರಿ ಅಂದ್ಕೊಂಡಿದ್ದೆ" ಎಂದ.

"ಚೆಂದ ಇಲ್ದ ಪೈಲಾ ನಂಬರ್ ಹ್ಯಾಂಗ ಬರತೈತೋ? ಬಿಲ್ಲೆ ಹೇಳು."

"ಹುಲಿಗೇಶನ ತಾವನ ಐತ್ರಿ."

ಆ ದಿನ ನಾನು ಗೋಧಿಯನ್ನು ಜೋಳದ ಕಲ್ಲಿಗೆ ಹಾಕಿ ಬೈಸಿಕೊಂಡೆ. ನನ್ನ ಕುದುರೆ. ನನ್ನ ಅಪ್ಪನ ಕುದುರೆಯ ಮೊಮ್ಮಗಳು. ನಾನು ಏಳು ಸಲ ಮೈತೊಳೆದು, ಎಣ್ಣೆ ತಿಕ್ಕಿ, ಜಡೆ ಹಾಕಿ ನಿಲ್ಲಿಸಿದಾಗ ಬಾರದ ಪೈಲಾ ನಂಬರು ಒಬ್ಬ ಕುರಿಗಾರನ ಕೈಯಲ್ಲಿ ಬಂತೇ? ಬಂದರೆ ಬರಲಿ, ಬಿಲ್ಲೆ ನನ್ನದು. ಮೊಳೆ ನನ್ನ ಮನೆಯಲ್ಲಿದೆ. ಹೀಗೆಂದು ಮೌನೇಶ್ವರಿಗೆ ಕೂಗಿ ಹೇಳಿದೆ.

"ಆನಿ ಕೊಟ್ಟು ಅಂಕುಶಕ್ಕ ಜಗಳ ಆಡಿದ್ರಂತ" ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಹೋಗ್ರಿ, ತರ್ರಿ. ಅದೊಂದು ಬಂದ್ರ ಹೊಟ್ಟಿ ತಣ್ಣಗಾಗತೈತೇನು ನೋಡೂಣು."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಲಿಂಗಸುಗೂರಿನಲ್ಲಿ ಇಳಿದು ಗುರುಗುಂಟಾದ ಬಸ್ಸು ಹತ್ತುವ ತನಕ ಮಾತು ಜೋಡಿಸುತ್ತಲೇ ಇದ್ದೆ. ಮೊದಲು ಮೆತ್ತಗೆ ಕೇಳುವುದು. ಕೊಡದಿದ್ದರೆ ಕುದುರೆ ಯಾರದು ಎಂದು ಕೇಳುವುದು. ಅದಕ್ಕೂ ಜಗ್ಗದಿದ್ದರೆ ಊರಿನ ಹಿರಿಯರನ್ನು ಕೂಡಿಸುವುದು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನ ತುಟಿ ಅಲ್ಲಾಡುವುದನ್ನು ನೋಡಿ ಜಪ ಮಾಡುತ್ತಿದ್ದಾನೆಂದು ತಿಳಿದು ಕೈಮುಗಿದಳು.

ಹುಲಿಗೇಶನ ಹೆಂಡತಿ ಗದ್ದೆಮ್ಮ ಮನೆಯ ಮುಂದೆ ಕುಳಿತು ಜೋಳ ಕೇರುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಕೆಳಗಿಟ್ಟಳು. "ಬರ್ರಿ ಅಣ್ಣಾರ" ಎಂದಳು. ಮುಖ ಬಾಡಿತು. ಒಳಗೆ ಹೋಗಿ ನೀರು ತಂದುಕೊಟ್ಟು, ಮತ್ತೆ ಒಳಗೆ ಹೋದವಳು ಬರಲಿಲ್ಲ. ಬಿಲ್ಲೆ ಬಚ್ಚಿಡುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಕೆಂಚಿ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿತ್ತು. ಮೊದಲು ಗುರುತು ಹತ್ತಲಿಲ್ಲ. ಹೊಟ್ಟೆ ಒಳಗೆ ಹೋಗಿತ್ತು, ಕಾಲು ಬಿಗಿಯಾಗಿದ್ದವು, ಮೈ ಎಣ್ಣೆಯಿಲ್ಲದೆ ಹೊಳೆಯುತ್ತಿತ್ತು. ಕುರಿಗಳ ಹಿಂದೆ ದಿನವೂ ಹೊಲದಿಂದ ಹೊಲಕ್ಕೆ, ಎಳೆಮರಿಗಳನ್ನೂ ಕಂಬಳಿಗಳನ್ನೂ ಹೊತ್ತು ನಡೆದು ಆದ ಮೈ ಅದು. ನಾನು "ಕೆಂಚೀ" ಎಂದೆ. ತಲೆ ಎತ್ತಿ ನೋಡಿತು. ನೋಡಿ, ಮತ್ತೆ ಸಜ್ಜೆಯ ದಂಟಿಗೆ ಬಾಯಿ ಹಾಕಿತು. ಓಡಿ ಬಂದು ಹೆಗಲ ಮೇಲೆ ಮುಖ ಇಡುತ್ತದೆ ಎಂದುಕೊಂಡಿದ್ದೆ. ನನಗೆ ಬಹಳ ಕೆಟ್ಟದೆನಿಸಿತು.

ಅಷ್ಟರಲ್ಲಿ ಹುಲಿಗೇಶ ಬಂದ. ನನ್ನನ್ನು ಕಂಡು ಅವನ ಮುಖವೂ ಬಾಡಿತು. ಆಮೇಲೆ ನಮಸ್ಕಾರ ಮಾಡಿ, "ಮನಿ ಕೆಲಸ ಮುಗೀತೇನ್ರೀ?" ಎಂದ.

"ಮುಗೀತಪಾ" ಎಂದೆ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

ಅವನು ತಲೆ ಅಲ್ಲಾಡಿಸಿದ. ಒಳಗಿನಿಂದ ಗದ್ದೆಮ್ಮ ಬಂದಳು. ಅವಳ ಒಂದು ಕೈಯಲ್ಲಿ ಮಡಚಿದ ಕಂಬಳಿ, ಇನ್ನೊಂದರಲ್ಲಿ ಹೊಸ ಹಗ್ಗ. ಕಂಕುಳಲ್ಲಿ ಕಡಲೆ ಹೊಟ್ಟಿನ ಚೀಲ. ಎಲ್ಲವನ್ನೂ ನನ್ನ ಕಾಲ ಬಳಿ ಇಟ್ಟಳು. "ಹೊಟ್ಟು ಮುಂಜಾನಿ ತಿಂತಾಳ್ರಿ. ಜಾಸ್ತಿ ಬ್ಯಾಡ. ಆಕಿ ಬಲಗಾಲು ಮೊದ್ಲ ಮುಟ್ಟಬ್ಯಾಡ್ರಿ, ಎಡಗಾಲು ಮುಟ್ಟಿ ಆಮ್ಯಾಲ ಮುಟ್ರಿ" ಎಂದಳು. ಅಷ್ಟು ಹೇಳಿ ಕೆಂಚಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು.

"ಲಾರಿ ತಂದೀರೇನ್ರೀ?" ಎಂದ ಹುಲಿಗೇಶ. "ಇಲ್ಲಾಂದ್ರ ನಾನ ನಡಸ್ಕೊಂಡು ತಂದು ಬಿಡ್ತೀನಿ. ಎರಡು ದಿನದಾಗ ಸಿಂಧನೂರು ಮುಟ್ಟತೀವಿ." ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ್ದೊಂದು ವಸ್ತು ತೆಗೆದ. "ಇದೂ ನಿಮ್ದರಿ. ಅಮೀನ್‌ಸಾಬ್ ಹೇಳಿರಬೇಕಲ್ಲ. ನೀವು ಬರ್ತೀರಂತ ಅಂದಿಂದ ಕಿಸೇದಾಗ ಇಟ್ಕೊಂಡು ಅಡ್ಡಾಡಾಕತ್ತೀನಿ."

ಕಾಗದ ಬಿಡಿಸಿದೆ. ಕೆಂಪು ರಿಬ್ಬನ್, ಮೂರು ಸುತ್ತು ನೆರಿಗೆ. ನನ್ನ ಏಳೂ ಸೇರಿದರೂ ಅಷ್ಟು ಚೆಂದ ಇರಲಿಲ್ಲ. ನಡುವಿನ ರಟ್ಟಿನ ಮೇಲೆ ಬರೆದಿತ್ತು: ಪ್ರಥಮ. ಮಾಲೀಕರು: ಗ್ಯಾನಪ್ಪ, ಸಿಂಧನೂರು.

"ನನ್ನ ಹೆಸರು ಯಾಕ ಬರಿಸಿದ್ಯೋ?" ಎಂದೆ.

"ಮತ್ತ ಯಾರ್ದು ಬರಸ್ಲಿ? ನಾನೇನು ಮಾಲಕನ್ರೀ? ಇದು ನಿಮ್ಮ ಅಮಾನತ್ ಅಲ್ಲೇನು? ಕೇಳಿದಾಗ ಕೊಡಬೇಕಾದ್ದು" ಎಂದ ಹುಲಿಗೇಶ.

ಅಮಾನತ್ ಅಂದರೆ ನಂಬಿ ಒಪ್ಪಿಸಿ ಹೋದದ್ದು. ನಾನು ಒಪ್ಪಿಸಿ ಹೋದವನಲ್ಲ, ಕೈತೊಳೆದುಕೊಂಡು ಹೋದವನು. ಅದು ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷ ಆ ಗಂಡಹೆಂಡತಿ ಪ್ರತಿ ದಿನವೂ ನಾನು ಬಂದು ಕುದುರೆ ಒಯ್ಯುತ್ತೇನೆಂದು ಹೆದರಿಕೊಂಡೇ ಅದನ್ನು ಸಾಕಿದ್ದರು. ನಾನು ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಹಗ್ಗ ಕಾಲ ಬಳಿ ಬಿದ್ದಿತ್ತು. ಬಾಗಿ ಎತ್ತಿಕೊಂಡರೆ ಕೆಂಚಿ ನನ್ನದು. ಎತ್ತಿಕೊಂಡು ಎಲ್ಲಿ ಕಟ್ಟಲಿ? ಸೋಫಾಕ್ಕೆ ಕಟ್ಟಲೇ?

"ಹುಲಿಗೇಶ, ಕುದುರಿ ಒಯ್ಯಾಕ ಬಂದಿಲ್ಲೋ" ಎಂದೆ. ಬೇರೆ ದಾರಿ ಇರಲಿಲ್ಲ, ಹೇಳಿಬಿಟ್ಟೆ. "ಬಿಲ್ಲೆ ಒಯ್ಯಾಕ ಬಂದೀನಿ. ಕುದುರಿಗೆ ನಮ್ಮ ಮನ್ಯಾಗ ಜಾಗಾ ಇಲ್ಲ."

ಹುಲಿಗೇಶನಿಗೆ ಅರ್ಥವಾಗಲಿಲ್ಲ. ಗದ್ದೆಮ್ಮನಿಗೆ ಆಯಿತು. ಕೆಂಚಿಯ ಬೆನ್ನ ಮೇಲಿಂದ ಕೈ ತೆಗೆಯದೆ ತಿರುಗಿ, "ಖರೇನ್ರೀ ಅಣ್ಣಾರ? ಇಲ್ಲೇ ಇರತಾಳ?" ಎಂದಳು.

"ಇಲ್ಲೇ ಇರತಾಳವ್ವಾ. ಇನ್ನ ನಿಮ್ಮಾಕಿ."

ಅವಳು ಅಲ್ಲೇ ನೆಲದ ಮೇಲೆ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಹುಲಿಗೇಶ ನನ್ನ ಕಾಲಿಗೆ ಬೀಳಲು ಬಂದ, ನಾನು ಹಿಂದೆ ಸರಿದೆ. ಆಮೇಲೆ ಹಠ ಮಾಡಿ ಕೂಡಿಸಿ ಊಟಕ್ಕೆ ಇಟ್ಟರು. ಬಿಸಿ ರೊಟ್ಟಿ, ಪುಂಡಿಪಲ್ಲೆ, ತುಪ್ಪ. ದೊಡ್ಡ ಮನಸ್ಸಿನವರು ನೀವು ಎಂದರು. ಬೇಡ ಬೇಡ ಎನ್ನುತ್ತಾ ನಾಲ್ಕು ರೊಟ್ಟಿ ತಿಂದೆ, ಒಂದೂ ರುಚಿ ಹತ್ತಲಿಲ್ಲ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಅಷ್ಟು ಸಂತೋಷ ಕೊಟ್ಟವನಲ್ಲ, ಅಂದು ಕೊಟ್ಟಿದ್ದೂ ನನಗೆ ಬೇಡವಾದದ್ದನ್ನು ಬಿಟ್ಟುಕೊಟ್ಟು.

ಹೊರಡುವಾಗ ಬಿಲ್ಲೆ ಕೈಯಲ್ಲಿ ಸುಡುತ್ತಿತ್ತು. ಆಸೆಯೂ ಸುಡುತ್ತಿತ್ತು, ಅದನ್ನೂ ಹೇಳಿಬಿಡಬೇಕು. ಒಂದು ಮನಸ್ಸು ಸುಮ್ಮನೆ ನಡಿ ಎಂದಿತು. ಆದರೂ ಬಾಗಿಲಲ್ಲಿ ತಿರುಗಿ ನಿಂತು, "ತಗೋ ತಂಗೀ. ಕುದುರಿ ನಿಮ್ದು ಅಂದ ಮ್ಯಾಲ ಇದೂ ನಿಮ್ದ. ನಾ ಏನೂ ಮಾಡಿಲ್ಲ" ಎಂದು ಬಿಲ್ಲೆ ಚಾಚಿದೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

ಗದ್ದೆಮ್ಮ ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ನಾನು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವಳಿಗೆ ಕಂಡಿರಬೇಕು. ನನ್ನ ಬೆರಳುಗಳನ್ನು ಅವಳೇ ಬಿಲ್ಲೆಯ ಮೇಲೆ ಮಡಚಿ, ಹಟ ಹಿಡಿದ ಕೂಸಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು.

"ಒಯ್ರಿ ಅಣ್ಣಾರ. ನಮಗ ಕುದುರಿ ಐತಿ. ನಿಮಗೂ ಏನರ ಇರಬೇಕಲ್ಲ."

ನಾನು ಒಯ್ದೆ.