ನೀಲಿ ಪದಕದ ತೇಪೆ

ಜನರಲ್ ರೆಡ್ನಿಟ್ಸ್ ತೀರಿಕೊಂಡು ಆರು ವಾರವಾಗಿತ್ತು. ಪಾಟ್ಸ್‌ಡಾಮಿನ ಮನೆಯ ಊಟದ ಮೇಜಿನ ಮೇಲೆ ಎರಡು ನೀಲಿ ಶಿಲುಬೆಗಳಿದ್ದವು, ನೋಡಲು ಅವಳಿ. ಒಂದು, ಫ್ರೆಂಚರ ಮೇಲಿನ ಯುದ್ಧಕ್ಕಾಗಿ ಪ್ರಷ್ಯಾದ ದೊರೆ ಕೊಟ್ಟ, ಫ್ರೆಂಚಿನಲ್ಲಿ 'ಪೂರ್ ಲ ಮೆರೀತ್' ಎಂದು ಬರೆದ ಪದಕ. ಇನ್ನೊಂದು, ದಿನಬಳಕೆಗೆಂದು ಅಕ್ಕಸಾಲಿಗನಿಂದ ಮಾಡಿಸಿದ ನಕಲು. ಪಡೆದವನು ಸತ್ತರೆ ಅಸಲನ್ನು ಮರಳಿಸಬೇಕು. ಒಯ್ಯಲು ಪದಕ ಕಚೇರಿಯ ಗುಮಾಸ್ತ ಇವತ್ತು ಬರುವವನಿದ್ದ.

ವಿಧವೆ ಅಡೆಲ್‌ಗುಂಡೆಗೆ ಬೇಕಿದ್ದುದು ಅಸಲೇ. ಆ ಶಿಲುಬೆಯ ಕೆಳತೋಳಿನಲ್ಲಿದ್ದ ತೇಪೆಗಾಗಿ. ನಕಲನ್ನು ಜೋಪಾನವಾಗಿಟ್ಟು ಅಸಲನ್ನೇ ದಿನವೂ ತೊಡುವ ಮರೆಗುಳಿ ಜನರಲ್ಲರು. ಒಂದು ಕ್ರಿಸ್ಮಸ್ ದಿನ ಸಾರಿನ ಪಾತ್ರೆಯ ಮೇಲೆ ಬಗ್ಗಿದಾಗ ಪದಕ ಅಂಚಿಗೆ ಬಡಿದು ನೀಲಿ ಬಣ್ಣದ ಚಕ್ಕೆ ಎದ್ದಿತ್ತು. ಮೇಣಕ್ಕೆ ಬಟ್ಟೆಗೆ ಹಾಕುವ ನೀಲಿ ಕಲಸಿ ಅವಳೇ ಮುಚ್ಚಿದ್ದಳು. ಆಮೇಲೆ ಹದಿನೈದು ವರ್ಷ, ಮೆರವಣಿಗೆಗೆ ಹೊರಡುವಾಗ, ಅವರು ಅಲ್ಲಿ ಬೆರಳಿಟ್ಟು ಅವಳತ್ತ ನೋಡುತ್ತಿದ್ದರು.

"ನಕಲು ಕೊಟ್ಟು ಕಳಿಸಿ ಅಮ್ಮಾವ್ರೇ," ಎಂದಳು ಅಡುಗೆಯ ಲೀನೆ. "ಫ್ರೆಂಚರನ್ನ ಹೊಡೆದಿದ್ದಕ್ಕೆ ಫ್ರೆಂಚಲ್ಲೇ ಬರೆದು ಕೊಟ್ಟೋರಿಗೆ ಅಷ್ಟೆಲ್ಲಾ ಎಲ್ಲಿ ಗೊತ್ತಾಗತ್ತೆ!"

"ಬಾಯ್ಮುಚ್ಚೇ. ಇದನ್ನ ಶುರು ಮಾಡಿದ ದೊರೆಗೆ ಫ್ರೆಂಚೇ ಇಷ್ಟ ಇತ್ತಂತೆ." ಗದರಿದರೂ, ಗುಮಾಸ್ತ ಕ್ನೋಬಲ್ ಬಂದಾಗ ಅವಳು ನಕಲನ್ನೇ ಮುಂದೆ ಸರಿಸಿದಳು.

ಮುದುಕ ಭೂತಗನ್ನಡಿ ಹಿಡಿದು ನೋಡಿದ. "ಬಹಳ ಚೆನ್ನಾಗಿದೆ ಅಮ್ಮಾವ್ರೇ. ಅದೇ ತೊಂದರೆ. ತೊಟ್ಟ ಪದಕ ಹೀಗಿರಲ್ಲ."

ಅವಳು ಇನ್ನೊಂದನ್ನು ಮುಂದಿಟ್ಟಳು.

"ಮೇಣವಾ?"

"ಬಟ್ಟೆ ನೀಲೀನೂ ಇದೆ," ಎಂದಳು ಲೀನೆ.

ಕ್ನೋಬಲ್ ನಗಲಿಲ್ಲ. ಪದಕ ತಿರುಗಿಸಿ ಒಂದು ಗೀರು ತೋರಿಸಿದ. "ನಿಮ್ಮೋರಿಗಿಂತ ಮುಂಚೆ ಇದು ಒಬ್ಬ ಕರ್ನಲ್ ಹತ್ರ ಇತ್ತು. ಮೊಮ್ಮಗ ಕಚ್ಚಿದ್ದಂತೆ. ಅವರು ತೀರಿಕೊಂಡ ಮೇಲೆ ವಾಪಸ್ ಕೊಡೋವಾಗ ಅವರ ಹೆಂಡತಿ ಇದನ್ನೇ ಸವರ್ತಾ ಕೂತಿದ್ರು."

ಅಡೆಲ್‌ಗುಂಡೆಯ ಬೆರಳು ತೇಪೆಯ ಮೇಲಿತ್ತು. ಅವಳು ಕೈ ತೆಗೆದಳು.

"ಈ ತೇಪೆ ಏನಾಗತ್ತೆ?"

"ಕೆರೆದು ಬಿಸಾಕಿ, ಹೊಸ ಬಣ್ಣ ಹಾಕಿಸ್ತಾರೆ."

"ಹಾಗಾದ್ರೆ ಕೆರೆಯೋಳು ನಾನೇ." ಅವಳು ಮುಡಿಯಿಂದ ಪಿನ್ನು ತೆಗೆದಳು. ಕ್ನೋಬಲ್ ಕಿಟಕಿಯತ್ತ ತಿರುಗಿ, ಈ ವರ್ಷ ಚೆರ್ರಿ ಹೂ ಬೇಗ ಬಂತಲ್ಲ ಎಂದ. ಬೇಳೆಯಷ್ಟು ನೀಲಿ ಮೇಣ ಇಡಿಯಾಗಿ ಎದ್ದು ಬಂತು. ಅದನ್ನವಳು ಹೊಲಿಗೆಯ ಬೆರಳುಟೋಪಿಯೊಳಗೆ ಹಾಕಿಕೊಂಡು ಪದಕವನ್ನು ಅವನ ಕಡೆ ಸರಿಸಿದಳು.

"ಚಕ್ಕೆ ಎದ್ದಿದ್ದಕ್ಕೆ ಕಾರಣ?" ಅವನು ಲೇಖನಿ ಎತ್ತಿದ.

"ಹೆಬ್ಬಾತಿನ ಸಾರು."

"ಹಾಗೆ ಬರೆಯೋಕಾಗಲ್ಲ." ಸ್ವಲ್ಪ ಯೋಚಿಸಿ ಬರೆದ: ಸೇವೆಯ ವೇಳೆ ಆದದ್ದು.

ಲೀನೆ ಬಾಯಿಗೆ ಏಪ್ರನ್ನಿನ ಅಂಚು ಒತ್ತಿಕೊಂಡಳು.

"ಸುಳ್ಳೇನಲ್ಲ ಬಿಡಿ," ಎಂದಳು ಅಡೆಲ್‌ಗುಂಡೆ. "ನನಗೆ ಅವತ್ತು ಜ್ವರ. ಬಡಿಸ್ತಿದ್ದದ್ದು ಅವರೇ."