ಕುದುರೆ ಅಂಚೆ ದಾರಿಯಲ್ಲಿ ನಾನು

ನಲವತ್ತೇಳನೆಯ ಪುಟದಲ್ಲಿ 'ಸವಾರ'ನ ಸಕಾರಕ್ಕೆ ಬೇಡದ ಕೊಂಬು ಬಂದಿತ್ತು. ಅವಳು ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿ, ಅಂಚಿನಲ್ಲಿ ಗುರುತು ಮಾಡಿ, ಸ್ಕೇಲನ್ನು ಮುಂದಿನ ಸಾಲಿಗೆ ಜರುಗಿಸಿದಳು. ಇಪ್ಪತ್ತೆರಡು ವರ್ಷಗಳಿಂದ ಈ ಮುದ್ರಣಾಲಯದ ಕಿಟಕಿಯ ಪಕ್ಕ ಕೂತು ಅವಳು ಮಾಡುತ್ತಿರುವುದು ಇದನ್ನೇ. ಅಕ್ಷರಗಳಿಗೆ ಬಂದ ಕೊಂಬು ಇಳಿಸುವುದು, ಬಿದ್ದುಹೋದ ದೀರ್ಘ ಎತ್ತಿ ನಿಲ್ಲಿಸುವುದು. ಮನುಷ್ಯರಿಗೆ ಬಂದ ಕೊಂಬು ಅವಳ ಕೆಲಸಕ್ಕೆ ಸೇರಿದ್ದಲ್ಲ.

ಪುಸ್ತಕ ಗಂಡನದು, ಒಂದು ಸವಾರಿಯ ಕಥನ. ಹಿಂದೆ ಕುದುರೆಗಳ ಮೇಲೆ ಟಪಾಲು ಓಡುತ್ತಿದ್ದ ಒಂದು ಹಳೆಯ ದಾರಿ; ಹೆದ್ದಾರಿ ಬೇರೆ ಕಡೆಯಿಂದ ಹಾದುಹೋದ ಮೇಲೆ ಹೊಲಗಳ ನಡುವೆ ತನ್ನಷ್ಟಕ್ಕೆ ತಾನು ಬಿದ್ದುಕೊಂಡಿದೆ. ವಿದ್ಯುತ್ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಿದ ಗಂಡನಿಗೆ ಐವತ್ತೈದಕ್ಕೆ ಸಾಹಸ ಹತ್ತಿಕೊಂಡಿತು. ಗೂಳಿಯಂಥ ಮೋಟಾರ್ ಸೈಕಲ್ ಮನೆಗೆ ಬಂತು. ಹಲ್ಲಿನ ಡಾಕ್ಟರು, ಹಾರ್ಡ್‌ವೇರ್ ಅಂಗಡಿಯವನು, ಬ್ಯಾಂಕಿನ ಇಬ್ಬರು, ಹೀಗೆ ಗಂಡನನ್ನೂ ಸೇರಿಸಿ ಹನ್ನೆರಡು ಜನ ಚರ್ಮದ ಜಾಕೆಟ್ಟುಗಳ ಬೆನ್ನಿಗೆ ಹುಲಿಮುಖ ಹೊಲಿಸಿಕೊಂಡರು. ಹನ್ನೆರಡು ಹುಲಿಗಳಲ್ಲಿ ಎಂಟಕ್ಕೆ ಬೆನ್ನುನೋವು, ಐದಕ್ಕೆ ಸಕ್ಕರೆ ಕಾಯಿಲೆ. ಗಂಡ ಅವರಿಗೆಲ್ಲ 'ಕ್ಯಾಪ್ಟನ್'.

ಉಳಿದ ಹುಲಿಗಳ ಹೆಂಡಂದಿರು ಮನೆಯಲ್ಲೇ ಉಳಿದರು. ಇವಳು ಮಾತ್ರ ಹಿಂದಿನ ಸೀಟಿನಲ್ಲಿ ಕೂತಳು, ಏಕೆಂದರೆ ಕ್ಯಾಪ್ಟನ್‌ಗೆ ಕನ್ನಡಕವಿಲ್ಲದೆ ನಕ್ಷೆ ಕಾಣುತ್ತಿರಲಿಲ್ಲ, ಹೆಲ್ಮೆಟ್ಟಿನೊಳಗೆ ಕನ್ನಡಕ ಹಿಡಿಸುತ್ತಿರಲಿಲ್ಲ. ಆದರೆ ಅವಳಿಗೆ ಅದು ಇಷ್ಟವಾಗಿಬಿಟ್ಟಿತು. ಹಿಂದೆ ಕೂತವಳಿಗೆ ದಾರಿ ಕಾಣುವುದಿಲ್ಲ, ಅಕ್ಕಪಕ್ಕ ಕಾಣುತ್ತದೆ. ಹಳ್ಳದ ಕಡೆ ಇಳಿಯುವಾಗ ಗಾಳಿ ತಣ್ಣಗಾಗಿ ಮೊಣಕಾಲಿಗೆ ತಾಗುವುದು, ದಿಬ್ಬ ಹತ್ತಿದೊಡನೆ ಒಣಹುಲ್ಲಿನ ಬಿಸಿ ವಾಸನೆ, ಎರಡೂ ಬದಿಯ ಮುದಿ ಮರಗಳು ಮೇಲೆ ಕೈ ಸೇರಿಸಿದ ಕಡೆ ಬೆಳಕು ಚೂರುಚೂರಾಗಿ ತೊಡೆಯ ಮೇಲೆ ಓಡುವುದು. ಮನೆ, ಮುದ್ರಣಾಲಯ, ಮನೆ ಎಂದು ಸವೆದ ಮೈಗೆ ಇಷ್ಟೊಂದು ಸುಖ ಬರೀ ಕೂತಲ್ಲೇ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ನಗುವೂ ಇತ್ತು. ಗುಂಪಿನ ನಿಯಮದ ಪ್ರಕಾರ ಮುಂದಿನವನು ಎಡಗಾಲು ಚಾಚಿದರೆ ಎಡಗಡೆ ಗುಂಡಿಯಿದೆ ಎಂದರ್ಥ. ಹಿಂದಿನವರೆಲ್ಲ ಕಾಲು ಚಾಚಿ ಬಲಕ್ಕೆ ಸರಿಯಬೇಕು. ಹದಿನಾಲ್ಕನೆಯ ಮೈಲಿಗಲ್ಲಿನ ಹತ್ತಿರ ಕ್ಯಾಪ್ಟನ್ ಕಾಲು ಚಾಚಿದ. ಹನ್ನೊಂದು ಕಾಲುಗಳು ಚಾಚಿದವು, ಹನ್ನೊಂದು ಗಾಡಿಗಳು ಬಲಕ್ಕೆ ವಾಲಿದವು. ಮತ್ತೆ ಚಾಚಿದ. ಮತ್ತೆ ವಾಲಿದವು. ಹಳ್ಳಿ ಬಸ್ಸಿಗೆಂದು ಅಲ್ಲಿ ಹೊಸದಾಗಿ ಡಾಂಬರು ಹಾಕಿದ್ದ, ಕನ್ನಡಿಯಂಥ ರಸ್ತೆಯಲ್ಲಿ ಮೂರು ಮೈಲಿ ಈ ಕವಾಯತು ನಡೆಯಿತು. ಕ್ಯಾಪ್ಟನ್‌ನ ಮೀನಖಂಡ ಸೆಟೆದುಕೊಂಡಿತ್ತು.

ಬೆಟ್ಟದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದಾಗ ಹಲ್ಲಿನ ಡಾಕ್ಟರು ಓಡಿಬಂದರು. "ಏನ್ ಕಣ್ಣು ಮಾರಾಯಾ ನಿಂದು! ನಂಗೊಂದು ಗುಂಡೀನೂ ಕಾಣ್ಲಿಲ್ಲ."

"ಅನುಭವ ಕಣೋ, ಅನುಭವ."

ಅವಳು ಕೆಳಗೆ ಕೂತು ಗಂಡನ ಪ್ಯಾಂಟು ಮಡಚುತ್ತ, "ಅನುಭವ ಯಾವ ಕಾಲಲ್ಲಿದೆ ರೀ? ಮುಲಾಮು ಎಡಕ್ಕೆ ಹಚ್ಚಲೋ ಬಲಕ್ಕೆ ಹಚ್ಚಲೋ?" ಎಂದಿದ್ದಳು.

"ಮೆಲ್ಲಗೆ ಮಾತಾಡೇ!"

ಈಗ ಸ್ಕೇಲಿನ ಕೆಳಗೆ ಅದೇ ಬೆಟ್ಟ ಬಂದಿತ್ತು. ಕರಡು ತಿದ್ದುವವರು ಅರ್ಥ ಓದಬಾರದು, ಅಕ್ಷರ ಓದಬೇಕು. ಅರ್ಥದ ಹಿಂದೆ ಹೋದರೆ ತಪ್ಪು ತಪ್ಪಿಸಿಕೊಳ್ಳುತ್ತದೆ. ಹಾಗೆ ಓದಿಯೇ ಅವಳು ನಲವತ್ತಾರು ಪುಟ ದಾಟಿದ್ದಳು. 'ಶತಮಾನಗಳ ಗಾಡಿಚಕ್ರಗಳು ಕೊರೆದ ಘೋರ ಗುಂಡಿಗಳನ್ನು ದಾಟಿಸಿ ಪಡೆಯನ್ನು ಕ್ಷೇಮವಾಗಿ ತಂದೆ. ನೆತ್ತಿಯಲ್ಲಿ ನಾನು ಒಬ್ಬನೇ ನಿಂತಿದ್ದೆ.' ಒಬ್ಬನೇ. ಒತ್ತು ಸರಿಯಿತ್ತು, ದೀರ್ಘ ಸರಿಯಿತ್ತು. ಆದರೂ ಸ್ಕೇಲು ಮುಂದೆ ಹೋಗಲಿಲ್ಲ.

ಅವಳು ಹಿಂದಿನ ಪುಟಗಳನ್ನು ತಿರುವಿದಳು, ಈ ಸಲ ಅರ್ಥ ಓದುತ್ತ. ಎಲ್ಲೂ ಅವಳಿರಲಿಲ್ಲ. ಅದಾದರೂ ಹೋಗಲಿ ಅನ್ನಬಹುದಿತ್ತು. ಮೂವತ್ತೊಂದನೆಯ ಪುಟದಲ್ಲಿ ತಂಗುಮನೆ ಇತ್ತು. ಟಪಾಲಿನ ಕುದುರೆಗಳನ್ನು ಬದಲಿಸುತ್ತಿದ್ದ ಜಾಗ. ಓಡುವ ಗಾಡಿಯಿಂದ ಅದನ್ನು ಕಂಡು ಅವಳು ಗಂಡನ ಭುಜ ತಟ್ಟಿದ್ದಳು. "ರೀ, ಐದು ನಿಮಿಷ ನಿಲ್ಸಿ. ಗೋಡೇಲಿ ಕುದುರೆ ಕಟ್ಟೋ ಬಳೆ ಇವೆ ನೋಡಿ." "ಆಮೇಲೆ, ಆಮೇಲೆ. ಟೈಮಿಲ್ಲ." ಆಮೇಲೆ ಬೆಟ್ಟದ ಮೇಲೆ ಕ್ಯಾಪ್ಟನ್ ಒಂದು ಗಂಟೆ ಫೋಟೋ ತೆಗೆಸಿಕೊಂಡ. ಮನೆಗೆ ಬಂದು ಬಟ್ಟೆ ಒಣಹಾಕುವಾಗ ಅವಳು ತಾನು ಕಂಡದ್ದನ್ನು ಹೇಳಿದ್ದಳು: ತುಕ್ಕು ಹಿಡಿದ ಬಳೆಗಳು, ಅವು ಉಜ್ಜಿ ಉಜ್ಜಿ ಕಲ್ಲಿನ ಮೇಲೆ ಮೂಡಿದ ಅರ್ಧಚಂದ್ರಗಳು. ಗಂಡ ಹೂಂಗುಟ್ಟುತ್ತ ಟಿವಿ ನೋಡುತ್ತಿದ್ದ. ಈಗ ಇಲ್ಲಿ, ಅವಳ ಮಾತಿನಲ್ಲೇ: 'ಆ ಅರ್ಧಚಂದ್ರಗಳ ಮೇಲೆ ಬೆರಳಾಡಿಸುತ್ತ ನಾನು ಬಹಳ ಹೊತ್ತು ಮೈಮರೆತೆ.'

"ಅಕ್ಕಾ," ಮುದ್ರಣಾಲಯದ ಯಜಮಾನ ಬಾಗಿಲಲ್ಲಿ ಇಣುಕಿದ. "ಕ್ಯಾಪ್ಟನ್ ಸಾಹೇಬ್ರು ನಾಲ್ಕು ಸಲ ಫೋನ್ ಮಾಡಿದ್ರು. ಸ್ವಂತ ಗಂಡನ ಪುಸ್ತಕದಲ್ಲಿ ತಪ್ಪು ಹುಡುಕೋಕೆ ಇಷ್ಟು ಹೊತ್ತಾ?"

"ಸ್ವಂತ ಗಂಡ ಅಂತಲೇ ಹೊತ್ತಾಗ್ತಿದೆ."

ಅವನು ನಗುತ್ತ ಹೋದ. ಐದನೆಯ ಸಲದ ಫೋನು ಅವಳಿಗೇ ಬಂತು.

"ಮುಗೀತೇನೇ? ಭಾನುವಾರ ಪುಸ್ತಕದ ಬಿಡುಗಡೆ ಸವಾರಿ, ಅದೇ ದಾರೀಲಿ. ಆರಕ್ಕೆ ರೆಡಿ ಇರು. ಮುಲಾಮು, ನೀರು, ನಕ್ಷೆ ಎಲ್ಲಾ ನಿನ್ನ ಚೀಲದಲ್ಲೇ ಇರ್ಲಿ."

"ಪುಸ್ತಕದಲ್ಲಿ ನಾನಿಲ್ವಲ್ಲ ರೀ."

"ಹಾಂ? ಅದು ಸಾಹಿತ್ಯ ಕಣೇ. ಒಂಟಿ ಸವಾರ ಅಂದ್ರೆ ಒಂದು ತೂಕ ಇರುತ್ತೆ. ಹಿಂದೆ ಹೆಂಡ್ತಿ ಕೂತಿದ್ಲು ಅಂತ ಬರೆದ್ರೆ ತರಕಾರಿ ತರೋಕೆ ಹೋದಂಗಿರುತ್ತೆ."

"ಆ ಬಳೆ ನೋಡಿದ್ದು ನಾನು."

"ಯಾರು ನೋಡಿದ್ರೇನೇ, ಮನೇದೇ ತಾನೆ? ಆಯ್ತು, ಇಡ್ತೀನಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. 'ನಾನು'. ಒಂದೇ ಒಂದು ಅಕ್ಷರ. 'ನು' ಹೋಗಿ 'ವು' ಬಂದರೆ 'ನಾವು'. ಮೂವತ್ತೊಂದನೆಯ ಪುಟದಲ್ಲಿ ತಿದ್ದಿಯೇಬಿಟ್ಟಳು. ತಿದ್ದಿದ ಮೇಲೆ 'ಮೈಮರೆತೆ' ಕುಂಟತೊಡಗಿತು. ಅದನ್ನು 'ಮೈಮರೆತೆವು' ಮಾಡಬೇಕು. ಆಮೇಲೆ 'ಒಬ್ಬನೇ'ಯನ್ನು 'ಇಬ್ಬರೇ' ಮಾಡಬೇಕು. ನೂರಹನ್ನೆರಡು ಪುಟಗಳಲ್ಲಿ ಪ್ರತಿಯೊಂದು ಕ್ರಿಯಾಪದದ ಬಾಲಕ್ಕೂ ಇನ್ನೊಂದು ಬಾಲ ಕಟ್ಟುತ್ತ ಹೋಗಬೇಕು. ಮಾಡಬಹುದಿತ್ತು, ಅವಳ ಕೈಗೆ ಅದು ಕಷ್ಟದ ಕೆಲಸವಲ್ಲ. ಆದರೆ ಮಾಡಿದರೆ ಇಲ್ಲದ ಗುಂಡಿಗಳನ್ನು ದಾಟಿಸಿದವಳೂ ಅವಳಾಗುತ್ತಿದ್ದಳು. ನೆತ್ತಿಯ ಮೇಲೆ ಎದೆಯುಬ್ಬಿಸಿ ನಿಂತವಳೂ ಅವಳೇ. ಈ 'ನಾವು' ಯಾರಿಗೆ ಬೇಕಾಗಿತ್ತು?

ತಾನು ಹಾಕಿದ ತಿದ್ದುಪಡಿಯನ್ನು ಹೊಡೆದುಹಾಕಿ, 'ನಾನು' ಎಂಬುದರ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟಳು. ಮುಂಚಿನಂತೆಯೇ ಇರಲಿ ಎನ್ನುವುದಕ್ಕೆ ಅವರ ಕಸುಬಿನ ಗುರುತು ಅದು. ಉಳಿದ ಪುಟಗಳನ್ನು ಬರೀ ಅಕ್ಷರ ನೋಡುತ್ತ ಸರಸರ ಮುಗಿಸಿ, ಕೊನೆಯಲ್ಲಿ 'ಅಚ್ಚಿಗೆ ಹೋಗಬಹುದು' ಎಂದು ಬರೆದು ಸಹಿ ಹಾಕಿದಳು.

ಭಾನುವಾರ ಕ್ಯಾಪ್ಟನ್ ತಾನು ಬರೆದಂತೆಯೇ ಹೊರಡಲಿ, ಒಂಟಿಯಾಗಿ. ಮುಲಾಮು, ನಕ್ಷೆ ಮೇಜಿನ ಮೇಲಿರುತ್ತವೆ. ಆ ದಾರಿಯ ಮೊದಲ ಬಸ್ಸು ಐದೂವರೆಗೆ. ಅವನು ಮೀಸೆ ತಿರುವಿಕೊಳ್ಳುವಷ್ಟರಲ್ಲಿ ಅವಳು ಕಿಟಕಿಯ ಪಕ್ಕ ಕೂತಿರುತ್ತಾಳೆ. ತಂಗುಮನೆಯ ಹತ್ತಿರ ಇಳಿಯುತ್ತಾಳೆ. ಆ ಕಲ್ಲನ್ನು ಅವಳೂ ಇನ್ನೂ ಮುಟ್ಟಿಲ್ಲವಲ್ಲ. ಸಾಕೆನ್ನಿಸುವವರೆಗೆ ಅಲ್ಲೇ ಇರುತ್ತಾಳೆ.

ಯಜಮಾನ ಕರಡಿನ ಕಟ್ಟು ಎತ್ತಿಕೊಂಡ. "ಭಾನುವಾರ ನೀವೂ ಹೋಗ್ತೀರಲ್ವಾ ಅಕ್ಕಾ?"

"ಹೂಂ, ಹೋಗ್ತೀನಿ," ಎಂದಳು ಅವಳು, ಪೆನ್ನಿಗೆ ಮುಚ್ಚಳ ಹಾಕುತ್ತ.