ಶಾದ್ಲಿಯನ್ನು ಕೇಳುವವರು

ತಯಿಝ್ ಊರಿನ ಕಸ ಗುಡಿಸಿ ಗುಡಿಸಿ ಮಿಸ್ಕಳ ಸೊಂಟ ಬಿದ್ದುಹೋಗಿತ್ತು. ಮಸೀದಿಯ ನಲ್ಲಿಯಲ್ಲಿ ಊರವರೆಲ್ಲ ನೀರು ಹಿಡಿದ ಮೇಲೆ ಅವಳ ಕೊಡದ ಸರದಿ. ಕುಲವಿಲ್ಲದವರು ಎಂದು ಊರು ಆಚೆಗಿಟ್ಟ ಜನ ಅವಳದು. ಯುದ್ಧಕ್ಕೆ ಆಳು ಬೇಕಾದಾಗ ಮಾತ್ರ ಯಾರೂ ಕುಲ ಕೇಳಲಿಲ್ಲ. ಅವಳ ಮಗ ಶಾದ್ಲಿಯ ಕೈಗೆ ಬಂದೂಕು ಕೊಟ್ಟು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಹುಡುಗ ಎದುರು ಪಕ್ಷಕ್ಕೆ ಸೆರೆಸಿಕ್ಕ.

ಈಗ ಶಾಂತಿಯ ಮಾತು. ಸೆರೆಯಾಳುಗಳ ಅದಲುಬದಲು. ಸಭೆ ನಡೆಸುವ ಉಸ್ತಾದ್ ಮುನೀಫ್ ಕೇರಿಗೇ ಬಂದು, "ಈ ಸಲ ನಿಮ್ಮನ್ನೂ ಸೇರಿಸ್ಕೊಂಡಿದೀವಿ ಕಣಮ್ಮ" ಅಂದಿದ್ದ. ಮಿಸ್ಕ್ ಪಕ್ಕದ ಗುಡಿಸಲಿನ ದಬ್ವಾನನನ್ನು ಕರೆದುಕೊಂಡು ಆಸೆಯಿಂದ ಹೋದಳು.

ಬಾಗಿಲಲ್ಲೇ ಮುನೀಫ್ ಇಬ್ಬರ ಕೈಗೂ ಒಂದೊಂದು ಡೋಲು ಕೊಟ್ಟ.

"ಇದ್ಯಾಕೆ ಉಸ್ತಾದ್ರೇ?" ದಬ್ವಾನ್ ಕೇಳಿದ.

"ಸಹಿ ಆದ್ಮೇಲೆ ಬಾರ್ಸೋಕೆ. ಮದ್ವೇಲಿ ಬಾರ್ಸಲ್ವೇನೋ?"

"ಮದ್ವೇಲಿ ಮಿಕ್ಕಿದ್ದನ್ನಾದ್ರೂ ತಿನ್ನೋಕೆ ಕೊಡ್ತಾರೆ."

ಒಳಗೆ ಕುಲದ ಯಜಮಾನನಾದ ಒಬ್ಬೊಬ್ಬ ಶೇಖನೂ ತನ್ನ ಕುಲದ ಹುಡುಗರ ಹೆಸರು ಹೇಳಿ ಕೇಳುತ್ತಿದ್ದ. ಎದುರು ಪಕ್ಷದವನು ಹೂಂಗುಡುತ್ತಿದ್ದ. ಹೆಸರು ಬಂದ ಹುಡುಗರಿಗೆಲ್ಲ ಬಿಡುಗಡೆ. ಎಲ್ಲ ಮುಗಿದ ಮೇಲೆ ಮಿಸ್ಕ್ ಎದ್ದಳು.

"ನನ್ ಮಗ ಶಾದ್ಲಿ. ಅವನ್ನೂ ಬಿಡ್ಸಿ."

"ಯಾವ ಕುಲದೋನು?" ಹಿರಿಯ ಶೇಖ್ ಕೇಳಿದ.

"ನಿಮ್ಮ ಕಡೆಯಿಂದ್ಲೇ ಹೊಡೆದಾಡ್ದೋನು ಸ್ವಾಮಿ."

"ಅದಿರ್ಲಿ. ಅವನ ಪರ ಕೇಳೋಕೆ ಶೇಖ್ ಯಾರಿದಾರೆ?"

"ಹೆತ್ತೋಳು ಕೇಳ್ತಿದೀನಲ್ಲ!"

ಸಭೆ ನಕ್ಕಿತು. ಮುನೀಫ್ ಓಡಿ ಬಂದ. "ಮುಂದಿನ ಸಭೇಲಿ ನೋಡೋಣ ತಾಯಿ. ಕೂತ್ಕೊ, ಫೋಟೋ ತೆಗೀತಾರೆ. ನಿಮ್ಮೋರೂ ಇದ್ರು ಅಂತ ಜಗತ್ತಿಗೆ ಗೊತ್ತಾಗ್ಬೇಕು."

ಸಾಯಲು ಹೋಗುವವನಿಗೆ ಕುಲ ಬೇಡ, ಬದುಕಿ ಬರುವವನಿಗೆ ಬೇಕು. ಇವರ ಶಾಂತಿಗಿಷ್ಟು ಬೆಂಕಿ ಹಾಕ. ಮಿಸ್ಕ್ ಕೂರಲಿಲ್ಲ; ಡೋಲನ್ನು ಕೊರಳಿಗೆ ಹಾಕಿಕೊಂಡಳು.

ಹಿರಿಯ ಶೇಖ್ ಸಹಿಗೆ ಪೆನ್ನು ಎತ್ತಿದ. ಮಿಸ್ಕ್ ಡೋಲು ಬಾರಿಸಿದಳು.

"ಇನ್ನೂ ಸಹಿ ಆಗಿಲ್ಲ! ನಿಲ್ಸೇ!" ಮುನೀಫ್ ಕೂಗಿದ.

ಅವಳು ಇನ್ನೂ ಜೋರಾಗಿ ಬಾರಿಸಿದಳು. ದಬ್ವಾನ್ ಎದ್ದು ತನ್ನ ಡೋಲನ್ನೂ ಜೊತೆಗೂಡಿಸಿದ. ಅಂಗಳ ಗುಡಿಸುತ್ತಿದ್ದ ಕೇರಿಯ ಹೆಂಗಸರು ಪೊರಕೆ ಬಿಸಾಕಿ ಒಳಗೆ ನುಗ್ಗಿದರು. ಯಾರ ಮಾತೂ ಯಾರಿಗೂ ಕೇಳಿಸದಾಯಿತು.

"ಹುಚ್ಚು ಮುಂಡೇದೇ, ನಿಂಗೇನು ಬೇಕೇ?" ಶೇಖ್ ಮೇಜು ಗುದ್ದಿ ಗಂಟಲು ಹರಿಯುವಂತೆ ಕಿರುಚಿದ. ಮಿಸ್ಕ್ ಬಾರಿಸುವ ಕೈ ತಡೆದಳು, ದಬ್ವಾನನೂ ತಡೆದ.

"ಶಾದ್ಲಿ ನಮ್ಮೋನು ಅಂತ ಒಂದ್ಸಲ ಅನ್ನಿ. ನಿಲ್ಲಿಸ್ತೀನಿ."

ಶೇಖ್ ಅಕ್ಕಪಕ್ಕದ ಮುಖ ನೋಡಿದ. ಅಷ್ಟು ಜನ ದೊಡ್ಡವರಲ್ಲಿ ಒಬ್ಬನಿಗೂ ಆ ಮಾತು ಬಾಯಿಗೆ ಬರಲಿಲ್ಲ.

"ಬಾರ್ಸೋ ದಬ್ವಾನ," ಅಂದಳು ಮಿಸ್ಕ್.